ಮಾದಕ ವ್ಯಸನಿ ಪತಿಯೊಂದಿಗೆ ಬಾಳುವುದೇ, ಬೇರೆಯಾಗುವುದೇ? ನಿರ್ಧಾರಕ್ಕೆ ಮುನ್ನ ತಿಳಿದಿರಬೇಕಾದ ಸಂಗತಿಗಳು

1. ಪೀಠಿಕೆ

ಗಾಂಜಾ, ಹೆರಾಯಿನ್, ನಿದ್ರೆ ಹಾಗೂ ನೋವು ನಿವಾರಕ ಮಾತ್ರೆಗಳು, ಸಂಶ್ಲೇಷಿತ ಮಾದಕ ವಸ್ತುಗಳು ಮುಂತಾದವುಗಳ ವ್ಯಸನಕ್ಕೆ ಒಳಗಾದ ವ್ಯಕ್ತಿಯ ಪತ್ನಿ ಅಥವಾ ಸಂಗಾತಿಯು ಒಂದಲ್ಲ ಒಂದು ದಿನ ಎದುರಿಸುವ ಪ್ರಶ್ನೆ ಇದು. ಇದೇ ಮನೆಯಲ್ಲಿ ಮುಂದುವರಿಯಬೇಕೇ? ಮಕ್ಕಳೊಂದಿಗೆ ಹೊರಟುಹೋಗಬೇಕೇ? ಹೊರಟರೆ ರೋಗಿಯನ್ನು ಕೈಬಿಟ್ಟಂತಾಗುವುದೇ? ಮನೆ, ಜೀವನಾಂಶ, ಮಕ್ಕಳ ಮೇಲಿನ ಹಕ್ಕು ಕೈತಪ್ಪುವುದೇ?

ಈ ನಿರ್ಧಾರವನ್ನು ಕೈಗೊಳ್ಳುವ ಅಧಿಕಾರ ಆ ಮಹಿಳೆಗೆ ಮಾತ್ರ ಸೇರಿದ್ದು. ಯಾವುದೇ ಅಧಿಕಾರಿ, ಆಪ್ತಸಮಾಲೋಚಕರು ಅಥವಾ ಕುಟುಂಬದ ಹಿರಿಯರು ಆಕೆಯ ಪರವಾಗಿ ಇದನ್ನು ಕೈಗೊಳ್ಳಲಾಗದು. ಆದರೆ ನಿರ್ಧಾರವು ಭಯದಿಂದಾಗಲೀ ತಪ್ಪು ತಿಳಿವಳಿಕೆಯಿಂದಾಗಲೀ ಆಗದೆ, ವಸ್ತುಸ್ಥಿತಿಯ ಆಧಾರದ ಮೇಲೆ ಆಗಬೇಕೆಂಬ ಉದ್ದೇಶದಿಂದ ವೈದ್ಯಕೀಯ ಹಾಗೂ ಕಾನೂನು ಮಾಹಿತಿಯನ್ನು ಇಲ್ಲಿ ಒಂದೆಡೆ ನೀಡಲಾಗಿದೆ.

ಪತಿಯ ಚಿಕಿತ್ಸೆ ಒಂದು ಪ್ರಶ್ನೆ. ತಮ್ಮ ಮತ್ತು ಮಕ್ಕಳ ಸುರಕ್ಷತೆ ಇನ್ನೊಂದು ಪ್ರಶ್ನೆ. ಇವೆರಡನ್ನೂ ಬೇರೆ ಬೇರೆಯಾಗಿ ನೋಡುವುದು ಅವಶ್ಯ. ಪತಿಯು ಗುಣಮುಖನಾಗುವವರೆಗೆ ಸುರಕ್ಷತೆಯನ್ನು ಮುಂದೂಡಬೇಕಾಗಿಲ್ಲ. ಸುರಕ್ಷತೆಗಾಗಿ ಬೇರೆ ವಾಸಿಸಿದ ಮಾತ್ರಕ್ಕೆ ಪತಿಯ ಚಿಕಿತ್ಸೆಯಲ್ಲಿ ನೆರವಾಗುವ ಅವಕಾಶವೂ ತಪ್ಪುವುದಿಲ್ಲ, ವಿವಾಹವೂ ಮುರಿಯುವುದಿಲ್ಲ.

2. ವ್ಯಸನದ ಸ್ವರೂಪ

ಮಾದಕ ವ್ಯಸನವು ಕೇವಲ ದುರಭ್ಯಾಸವಲ್ಲ. ಅದು ಚಿಕಿತ್ಸೆಯ ಅಗತ್ಯವಿರುವ ಕಾಯಿಲೆ. ಮದ್ಯ ಮತ್ತು ಮಾದಕ ವಸ್ತುಗಳ ದುರ್ಬಳಕೆಗೆ ಸಂಬಂಧಿಸಿದ ಮಾನಸಿಕ ಸ್ಥಿತಿಗಳನ್ನು ಮಾನಸಿಕ ಆರೋಗ್ಯ ಆರೈಕೆ ಅಧಿನಿಯಮ, 2017 ಮಾನಸಿಕ ಅಸ್ವಸ್ಥತೆಯ ವ್ಯಾಖ್ಯೆಯಲ್ಲಿಯೇ ಸೇರಿಸಿದೆ. ನವದೆಹಲಿಯ ಅಖಿಲ ಭಾರತ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯು ಕೇಂದ್ರ ಸರ್ಕಾರಕ್ಕಾಗಿ ನಡೆಸಿ 2019ರಲ್ಲಿ ಪ್ರಕಟಿಸಿದ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಸುಮಾರು 3.1 ಕೋಟಿ ಜನರು ಗಾಂಜಾ, ಭಂಗಿ ಮುಂತಾದವುಗಳನ್ನೂ, ಸುಮಾರು 2.26 ಕೋಟಿ ಜನರು ಅಫೀಮು ವರ್ಗದ ಪದಾರ್ಥಗಳನ್ನೂ ಬಳಸುತ್ತಿದ್ದರು. ಆದ್ದರಿಂದ ಈ ಸಂಕಷ್ಟ ತಮ್ಮ ಮನೆಗೆ ಮಾತ್ರ ಬಂದಿದೆಯೆಂದು ನಾಚಿಕೆಪಡಬೇಕಾಗಿಲ್ಲ.

ನಿರ್ಧಾರಕ್ಕೆ ಸಂಬಂಧಿಸಿದಂತೆ ಈ ಕೆಳಕಂಡ ಮೂರು ಅಂಶಗಳನ್ನು ಗಮನದಲ್ಲಿಡತಕ್ಕದ್ದು.

ಅ) ವ್ಯಸನಕ್ಕೆ ಪತ್ನಿ ಕಾರಣಳಲ್ಲ. "ಹೆಂಡತಿ ಸರಿಯಾಗಿದ್ದರೆ ಅವನು ಹೀಗಾಗುತ್ತಿರಲಿಲ್ಲ" ಎಂಬ ಮಾತಿಗೆ ವೈದ್ಯಕೀಯ ಆಧಾರವಿಲ್ಲ. ಹಾಗೆಯೇ "ಮದುವೆಯಾದರೆ ಸರಿಹೋಗುತ್ತಾನೆ", "ಒಂದು ಮಗುವಾದರೆ ಜವಾಬ್ದಾರಿ ಬರುತ್ತದೆ" ಎಂಬ ನಂಬಿಕೆಗಳೂ ಆಧಾರರಹಿತ. ವ್ಯಸನವನ್ನು ಬಿಡಿಸುವ ಉದ್ದೇಶದಿಂದ ಮಗುವನ್ನು ಪಡೆಯುವುದು ಮಗುವಿಗೂ ತಾಯಿಗೂ ಅನ್ಯಾಯ.

ಆ) ಮರುಕಳಿಕೆ ಈ ಕಾಯಿಲೆಯಲ್ಲಿ ಸಾಮಾನ್ಯ. ಚಿಕಿತ್ಸಾ ಕೇಂದ್ರದಿಂದ ಮನೆಗೆ ಮರಳಿದ ಮೊದಲ ಕೆಲವು ತಿಂಗಳುಗಳು ವಿಶೇಷವಾಗಿ ಸೂಕ್ಷ್ಮ. ಒಮ್ಮೆ ಮರುಕಳಿಸಿದ ಮಾತ್ರಕ್ಕೆ ಚಿಕಿತ್ಸೆ ವ್ಯರ್ಥವಾಯಿತೆಂದು ತಿಳಿಯಬಾರದು. ಒಮ್ಮೆ ದಾಖಲಾಗಿ ಬಂದ ಮಾತ್ರಕ್ಕೆ ಕಾಯಿಲೆ ಸಂಪೂರ್ಣ ವಾಸಿಯಾಯಿತೆಂದೂ ತಿಳಿಯಬಾರದು.

ಇ) ಕಾಯಿಲೆಯು ಹಿಂಸೆಗೆ ಸಮರ್ಥನೆಯಲ್ಲ. ವ್ಯಸನಿಗಳೆಲ್ಲರೂ ಹೊಡೆಯುವುದಿಲ್ಲ, ಹೊಡೆಯುವವರೆಲ್ಲರೂ ವ್ಯಸನಿಗಳಲ್ಲ. ವ್ಯಸನವನ್ನು ಬಿಟ್ಟ ನಂತರವೂ ದೌರ್ಜನ್ಯ ನಿಲ್ಲದ ಪ್ರಕರಣಗಳಿವೆ. ಆದಕಾರಣ "ಮತ್ತಿನಲ್ಲಿ ಹಾಗೆ ಮಾಡಿದ" ಎಂಬ ವಿವರಣೆಯನ್ನು ನಂಬಿ ಅಪಾಯವನ್ನು ಕಡೆಗಣಿಸಬಾರದು.

3. ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ: ಈಗ ಅಪಾಯವಿದೆಯೇ?

ಈ ಕೆಳಕಂಡ ಸಂದರ್ಭಗಳಲ್ಲಿ ಇತರ ವಿಷಯಗಳನ್ನು ಯೋಚಿಸುತ್ತಾ ಕಾಯದೆ, ಮೊದಲು ಸುರಕ್ಷಿತ ಸ್ಥಳಕ್ಕೆ ತೆರಳುವುದು ಸೂಕ್ತ.

- ಹೊಡೆತ, ಕತ್ತು ಹಿಸುಕುವುದು, ಆಯುಧ ತೋರಿಸುವುದು, ಕೊಲ್ಲುವ ಬೆದರಿಕೆ, ಬಲವಂತದ ಲೈಂಗಿಕ ಸಂಪರ್ಕ. ಇವುಗಳ ಪೈಕಿ ಕತ್ತು ಹಿಸುಕುವುದು ಅತ್ಯಂತ ಅಪಾಯದ ಸೂಚನೆ.
- ಮಕ್ಕಳ ಮೇಲೆ ಕೈಮಾಡುವುದು, ಮತ್ತಿನಲ್ಲಿ ಮಕ್ಕಳನ್ನು ವಾಹನದಲ್ಲಿ ಕರೆದೊಯ್ಯುವುದು, ಮಾದಕ ವಸ್ತು ಅಥವಾ ಸೂಜಿಗಳನ್ನು ಮಕ್ಕಳ ಕೈಗೆಟುಕುವಂತೆ ಇಡುವುದು.
- ಮಾದಕ ವಸ್ತು ಮಾರುವವರು ಅಥವಾ ಸಾಲ ಕೊಟ್ಟವರು ಮನೆಗೆ ಬಂದು ಬೆದರಿಸುವುದು.
- ಮನೆಯಲ್ಲಿಯೇ ಮಾದಕ ವಸ್ತುವಿನ ದಾಸ್ತಾನು ಅಥವಾ ಮಾರಾಟ ನಡೆಯುವುದು.

ಕೊನೆಯ ಅಂಶವು ಕಾನೂನಿನ ದೃಷ್ಟಿಯಿಂದಲೂ ಮುಖ್ಯ. ಮಾದಕ ದ್ರವ್ಯಗಳು ಮತ್ತು ಮನೋಪರಿಣಾಮಿ ಪದಾರ್ಥಗಳ ಅಧಿನಿಯಮ, 1985ರ ಕಲಂ 25ರ ಪ್ರಕಾರ, ಮನೆಯ ಮಾಲೀಕರು ಅಥವಾ ವಾಸವಿರುವವರು ತಿಳಿದೂ ತಿಳಿದು ಆ ಮನೆಯನ್ನು ಸದರಿ ಅಧಿನಿಯಮದಡಿಯ ಅಪರಾಧಕ್ಕೆ ಬಳಸಲು ಬಿಟ್ಟಲ್ಲಿ, ಆ ಅಪರಾಧಕ್ಕೆ ವಿಧಿಸುವ ಶಿಕ್ಷೆಗೇ ಗುರಿಯಾಗಬೇಕಾಗುತ್ತದೆ. ಆದುದರಿಂದ ಪತಿಯ ಸಲುವಾಗಿ ವಸ್ತುವನ್ನು ಬಚ್ಚಿಡುವುದು, ತಂದುಕೊಡುವುದು, ಹಣ ಪಡೆದು ಹಸ್ತಾಂತರಿಸುವುದು ಇವೆಲ್ಲವೂ ಪತ್ನಿಯನ್ನೇ ಆರೋಪಿಯನ್ನಾಗಿ ಮಾಡಬಲ್ಲವು. ಇಂತಹ ಸನ್ನಿವೇಶದಲ್ಲಿ ವಕೀಲರ ಸಲಹೆಯನ್ನು ತಡಮಾಡದೆ ಪಡೆಯುವುದು.

4. ಕೂಡಲೇ ಅಪಾಯವಿಲ್ಲದಿದ್ದಲ್ಲಿ: ಮಾತಿಗಿಂತ ಕೃತಿಯನ್ನು ನೋಡುವುದು

ವ್ಯಸನಿಯು ಆಣೆ ಪ್ರಮಾಣ ಮಾಡುವಾಗ ಅದು ಆ ಕ್ಷಣಕ್ಕೆ ನಿಜವೇ ಆಗಿರಬಹುದು. ಆದರೆ ದೇವಸ್ಥಾನದಲ್ಲಿ ಮಾಡಿದ ಪ್ರಮಾಣ, ಮಗುವಿನ ತಲೆ ಮುಟ್ಟಿ ಹೇಳಿದ ಮಾತು ಇವು ಚಿಕಿತ್ಸೆಗೆ ಬದಲಿಯಾಗಲಾರವು. ಆದ್ದರಿಂದ ಕಣ್ಣಿಗೆ ಕಾಣುವ ಸಂಗತಿಗಳನ್ನು ಒಂದು ಪುಸ್ತಕದಲ್ಲಿ ದಿನಾಂಕಸಹಿತ ಬರೆದಿಟ್ಟುಕೊಂಡು, ಮೂರು ತಿಂಗಳು ಅಥವಾ ತಮಗೆ ಸರಿಯೆನಿಸಿದ ಒಂದು ಅವಧಿಯ ನಂತರ ನೋಡುವುದು ಪ್ರಯೋಜನಕಾರಿ.

ಭರವಸೆ ನೀಡುವ ಲಕ್ಷಣಗಳು: ತನಗೆ ವ್ಯಸನವಿದೆಯೆಂದು ಒಪ್ಪಿಕೊಳ್ಳುವುದು, ತಾನೇ ಆಸ್ಪತ್ರೆಗೆ ಹೋಗಿ, ಮುಂದಿನ ಭೇಟಿಗಳನ್ನೂ ತಪ್ಪಿಸದಿರುವುದು, ವೈದ್ಯರು ಬರೆದ ಔಷಧವನ್ನು ಕ್ರಮವಾಗಿ ಸೇವಿಸುವುದು, ಹಳೆಯ ಸಹವಾಸ ಬಿಡುವುದು, ಹಣದ ಲೆಕ್ಕವನ್ನು ಮನೆಯವರಿಗೆ ಒಪ್ಪಿಸುವುದು, ಮರುಕಳಿಸಿದಾಗ ಮುಚ್ಚಿಡದೆ ಹೇಳಿ ಮತ್ತೆ ವೈದ್ಯರ ಬಳಿ ಹೋಗುವುದು.

ಎಚ್ಚರಿಕೆಯ ಲಕ್ಷಣಗಳು: ಚಿಕಿತ್ಸೆಗೆ ಒಪ್ಪುವುದು ಪತ್ನಿ ಹೊರಡುತ್ತೇನೆಂದಾಗ ಮಾತ್ರ, ಆಕೆ ಉಳಿದ ಕೂಡಲೇ ನಿಲ್ಲಿಸುವುದು, ಒಡವೆ, ಪಾತ್ರೆ, ಮಕ್ಕಳ ಶಾಲಾ ಶುಲ್ಕದ ಹಣ ಮಾಯವಾಗುವುದು, ಪತ್ನಿಯ ಹೆಸರಿನಲ್ಲಿ ಸ್ವಸಹಾಯ ಸಂಘದಿಂದ ಸಾಲ ತರಲು ಒತ್ತಾಯಿಸುವುದು, ಪತ್ನಿಯ ದುಡಿಮೆಯ ಹಣ ಅಥವಾ ಗೃಹಲಕ್ಷ್ಮಿ ಯೋಜನೆಯಡಿ ಜಮೆಯಾಗುವ ಹಣವನ್ನು ಕಿತ್ತುಕೊಳ್ಳುವುದು, ತವರಿನವರೊಂದಿಗೆ ಮಾತನಾಡದಂತೆ ತಡೆಯುವುದು.

ಮಕ್ಕಳ ಸ್ಥಿತಿಯನ್ನು ಪ್ರತ್ಯೇಕವಾಗಿ ಗಮನಿಸುವುದು. ರಾತ್ರಿ ಬೆಚ್ಚಿಬೀಳುವುದು, ಹಾಸಿಗೆಯಲ್ಲಿ ಮೂತ್ರ ಮಾಡುವುದು, ಶಾಲೆಗೆ ಹೋಗಲು ನಿರಾಕರಿಸುವುದು, ತಂದೆಯ ಹೆಜ್ಜೆಯ ಸದ್ದಿಗೆ ಮಾತು ನಿಲ್ಲಿಸುವುದು ಇವೆಲ್ಲ ಮಗುವಿನ ಮೇಲಾಗುತ್ತಿರುವ ಪರಿಣಾಮವನ್ನು ತಿಳಿಸುತ್ತವೆ. "ಮಕ್ಕಳಿಗಾಗಿ ಸಹಿಸಿಕೊಂಡಿದ್ದೇನೆ" ಎನ್ನುವ ತಾಯಿ, ಮಕ್ಕಳು ಏನನ್ನು ಸಹಿಸಿಕೊಳ್ಳುತ್ತಿದ್ದಾರೆ ಎಂಬುದನ್ನೂ ಕೇಳಿಕೊಳ್ಳುವುದು ಅವಶ್ಯ.

ಪತಿಯು ಚುಚ್ಚುಮದ್ದಿನ ಮೂಲಕ ಮಾದಕ ವಸ್ತುವನ್ನು ಬಳಸುತ್ತಿದ್ದಲ್ಲಿ, ಎಚ್.ಐ.ವಿ., ಹೆಪಟೈಟಿಸ್ ಬಿ ಮತ್ತು ಹೆಪಟೈಟಿಸ್ ಸಿ ಸೋಂಕಿನ ಸಾಧ್ಯತೆ ಇರುತ್ತದೆ. ಪತ್ನಿಯೂ ಪರೀಕ್ಷೆ ಮಾಡಿಸಿಕೊಳ್ಳುವುದು ಉತ್ತಮ. ಸರ್ಕಾರಿ ಆಸ್ಪತ್ರೆಗಳಲ್ಲಿರುವ ಐ.ಸಿ.ಟಿ.ಸಿ. ಕೇಂದ್ರಗಳಲ್ಲಿ ಎಚ್.ಐ.ವಿ. ಪರೀಕ್ಷೆ ಉಚಿತವಾಗಿದ್ದು, ವಿವರಗಳನ್ನು ಗೋಪ್ಯವಾಗಿ ಇಡಲಾಗುತ್ತದೆ.

5. ಲಭ್ಯವಿರುವ ಮಾರ್ಗಗಳು

"ಇರುವುದು" ಮತ್ತು "ಬಿಡುವುದು" ಎಂಬ ಎರಡೇ ಮಾರ್ಗಗಳಿವೆ ಎಂದು ಭಾವಿಸುವುದರಿಂದಲೇ ಅನೇಕರು ನಿರ್ಧಾರಕ್ಕೆ ಬರಲಾಗದೆ ವರ್ಷಗಳನ್ನು ಕಳೆಯುತ್ತಾರೆ. ವಾಸ್ತವವಾಗಿ ಕನಿಷ್ಠ ನಾಲ್ಕು ಮಾರ್ಗಗಳಿವೆ. ಒಂದರಿಂದ ಇನ್ನೊಂದಕ್ಕೆ ಹೋಗಲೂ ಅವಕಾಶವಿದೆ.

(1) ಷರತ್ತುಗಳೊಂದಿಗೆ ಮನೆಯಲ್ಲಿಯೇ ಮುಂದುವರಿಯುವುದು. ಮನೆಯೊಳಗೆ ಮಾದಕ ವಸ್ತು ಬರಕೂಡದು, ವ್ಯಸನಕ್ಕೆ ಹಣ ಕೊಡುವುದಿಲ್ಲ, ಸಾಲಕ್ಕೆ ಸಹಿ ಹಾಕುವುದಿಲ್ಲ, ಚಿಕಿತ್ಸೆ ನಿಲ್ಲಿಸಿದಲ್ಲಿ ಬೇರೆ ವಾಸಿಸುತ್ತೇನೆ ಎಂಬಂತಹ ಷರತ್ತುಗಳನ್ನು ಪತಿಯು ಮತ್ತಿನಲ್ಲಿಲ್ಲದ ಸಮಯದಲ್ಲಿ ಸ್ಪಷ್ಟವಾಗಿ ತಿಳಿಸುವುದು. ಪಾಲಿಸಲು ಸಾಧ್ಯವಿರುವ ಷರತ್ತನ್ನು ಮಾತ್ರ ಹೇಳುವುದು. ಹಿಂಸೆ ಇರುವ ಮನೆಯಲ್ಲಿ ಈ ಮಾರ್ಗ ಸೂಕ್ತವಲ್ಲ.

(2) ಪತಿಯೇ ಮನೆಯಿಂದ ಹೊರಗಿರುವಂತೆ ಆದೇಶ ಪಡೆಯುವುದು. ಕೌಟುಂಬಿಕ ದೌರ್ಜನ್ಯದಿಂದ ಮಹಿಳೆಯರ ರಕ್ಷಣಾ ಅಧಿನಿಯಮ, 2005ರ ಕಲಂ 19ರ ಮೇರೆಗೆ, ದೌರ್ಜನ್ಯ ನಡೆದಿದೆಯೆಂದು ಮನವರಿಕೆಯಾದಲ್ಲಿ, ವಾಸದ ಮನೆಯಿಂದ ಹೊರಹೋಗುವಂತೆ ಪತಿಗೆ ನಿರ್ದೇಶಿಸಲು ಅಥವಾ ಪತ್ನಿಗೆ ಬೇರೆ ಮನೆಯ ಬಾಡಿಗೆ ಕೊಡಿಸಲು ಮ್ಯಾಜಿಸ್ಟ್ರೇಟರಿಗೆ ಅಧಿಕಾರವಿದೆ. ಮನೆ ಬಿಡಬೇಕಾದವರು ಯಾವಾಗಲೂ ಮಹಿಳೆ ಮತ್ತು ಮಕ್ಕಳೇ ಆಗಿರಬೇಕಾಗಿಲ್ಲ.

(3) ತಾತ್ಕಾಲಿಕವಾಗಿ ಬೇರೆ ವಾಸಿಸುವುದು. ತವರುಮನೆ, ಬಂಧುಗಳ ಮನೆ, ಬಾಡಿಗೆ ಮನೆ ಅಥವಾ ಆಶ್ರಯ ಗೃಹದಲ್ಲಿದ್ದುಕೊಂಡು, ಪತಿಯ ಚಿಕಿತ್ಸೆಯ ಪ್ರಗತಿಯನ್ನು ನೋಡಿ ಮುಂದಿನ ತೀರ್ಮಾನ ಕೈಗೊಳ್ಳಬಹುದು. ಪತಿಗೂ ಮನೆಗೂ ಪೂರ್ಣವಾಗಿ ಸಂಬಂಧ ಕಡಿದುಕೊಳ್ಳುವ ಮನಸ್ಸಿಲ್ಲದವರಿಗೆ ಇದು ಆಲೋಚನೆಗೆ ಸಮಯ ಒದಗಿಸುತ್ತದೆ.

(4) ನ್ಯಾಯಾಲಯದ ಮೂಲಕ ಬೇರ್ಪಡೆ ಅಥವಾ ವಿಚ್ಛೇದನ. ಹಿಂದೂ ವಿವಾಹ ಅಧಿನಿಯಮ, 1955ರ ಕಲಂ 10ರಡಿ ನ್ಯಾಯಿಕ ಬೇರ್ಪಡೆಯ ಆದೇಶ ಪಡೆದಲ್ಲಿ ವಿವಾಹ ಉಳಿದಿರುತ್ತದೆ, ಆದರೆ ಒಟ್ಟಿಗೆ ಬಾಳಬೇಕಾದ ಬಾಧ್ಯತೆ ಇರುವುದಿಲ್ಲ. ವಿಚ್ಛೇದನಕ್ಕೆ ಸದರಿ ಅಧಿನಿಯಮದಲ್ಲಿ "ಮಾದಕ ವ್ಯಸನ" ಎಂಬ ಪ್ರತ್ಯೇಕ ಆಧಾರವಿಲ್ಲ. ವ್ಯಸನದಿಂದ ಉಂಟಾದ ದೈಹಿಕ ಅಥವಾ ಮಾನಸಿಕ ಕ್ರೌರ್ಯ, ಎರಡು ವರ್ಷಗಳ ಪರಿತ್ಯಾಗ ಮುಂತಾದ ಆಧಾರಗಳನ್ನು ಸಾಬೀತುಪಡಿಸಬೇಕಾಗುತ್ತದೆ. ಇಬ್ಬರೂ ಒಪ್ಪಿದಲ್ಲಿ ಕಲಂ 13-ಬಿ ಅಡಿ ಪರಸ್ಪರ ಸಮ್ಮತಿಯ ವಿಚ್ಛೇದನಕ್ಕೆ ಅವಕಾಶವಿದ್ದು, ಅದಕ್ಕೆ ಮುನ್ನ ಒಂದು ವರ್ಷ ಬೇರೆಯಾಗಿ ವಾಸಿಸಿರಬೇಕು. ಇತರ ಧರ್ಮೀಯರಿಗೆ ಅವರವರ ವೈಯಕ್ತಿಕ ಕಾನೂನು, ವಿಶೇಷ ವಿವಾಹ ಅಧಿನಿಯಮ, 1954ರಡಿ ವಿವಾಹವಾದವರಿಗೆ ಸದರಿ ಅಧಿನಿಯಮ ಅನ್ವಯಿಸುತ್ತದೆ. 2005ರ ರಕ್ಷಣಾ ಅಧಿನಿಯಮವು ಮಾತ್ರ ಎಲ್ಲ ಧರ್ಮದ ಮಹಿಳೆಯರಿಗೂ, ವಿವಾಹದ ಸ್ವರೂಪದ ಸಂಬಂಧದಲ್ಲಿ ಒಂದೇ ಮನೆಯಲ್ಲಿ ವಾಸಿಸಿದ ಮಹಿಳೆಯರಿಗೂ ಅನ್ವಯಿಸುತ್ತದೆ.

6. ಮನೆ ಬಿಟ್ಟರೆ ಹಕ್ಕುಗಳು ಹೋಗುವುವೇ?

ಹೋಗುವುದಿಲ್ಲ. ಆದರೆ ಕೆಲವು ಎಚ್ಚರಿಕೆಗಳನ್ನು ವಹಿಸಬೇಕು.

ವಾಸದ ಹಕ್ಕು: 2005ರ ಅಧಿನಿಯಮದ ಕಲಂ 17ರ ಪ್ರಕಾರ, ಮನೆಯು ಪತ್ನಿಯ ಹೆಸರಿನಲ್ಲಿ ಇಲ್ಲದಿದ್ದರೂ ಆಕೆಗೆ ಅಲ್ಲಿ ವಾಸಿಸುವ ಹಕ್ಕಿದೆ. ಮನೆಯು ಅತ್ತೆ ಮಾವನವರ ಹೆಸರಿನಲ್ಲಿದ್ದ ಮಾತ್ರಕ್ಕೆ ಈ ಹಕ್ಕನ್ನು ನಿರಾಕರಿಸುವಂತಿಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 2020ರ ಅಕ್ಟೋಬರ್‌ನಲ್ಲಿ ತೀರ್ಪು ನೀಡಿದೆ. ಇದು ವಾಸದ ಹಕ್ಕೇ ಹೊರತು ಮಾಲೀಕತ್ವವಲ್ಲ ಎಂಬುದನ್ನು ಗಮನಿಸುವುದು.

ಜೀವನಾಂಶ: ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ, 2023ರ ಕಲಂ 144 (2024ರ ಜುಲೈ 1ರವರೆಗೆ ಜಾರಿಯಲ್ಲಿದ್ದ ದಂಡ ಪ್ರಕ್ರಿಯಾ ಸಂಹಿತೆಯ ಕಲಂ 125) ಅಡಿ ತನ್ನನ್ನು ತಾನು ಪೋಷಿಸಿಕೊಳ್ಳಲಾಗದ ಪತ್ನಿ ಹಾಗೂ ಮಕ್ಕಳು ಜೀವನಾಂಶ ಕೋರಬಹುದಾಗಿದೆ. ಸಾಕಷ್ಟು ಕಾರಣವಿಲ್ಲದೆ ಪತಿಯೊಂದಿಗೆ ವಾಸಿಸಲು ನಿರಾಕರಿಸುವ ಅಥವಾ ಪರಸ್ಪರ ಒಪ್ಪಿಗೆಯಿಂದ ಬೇರೆ ವಾಸಿಸುತ್ತಿರುವ ಪತ್ನಿಗೆ ಈ ಕಲಂ ಅಡಿ ಜೀವನಾಂಶ ದೊರೆಯುವುದಿಲ್ಲ. ಆದುದರಿಂದ ಎರಡು ಕೆಲಸಗಳು ಮುಖ್ಯ. ಮೊದಲನೆಯದಾಗಿ, ಮನೆ ಬಿಡಲು ಕಾರಣವಾದ ಘಟನೆಗಳಿಗೆ ದಾಖಲೆ ಇರಿಸಿಕೊಳ್ಳುವುದು. ಎರಡನೆಯದಾಗಿ, ಊರ ಪಂಚಾಯಿತಿಯಲ್ಲಾಗಲೀ ಛಾಪಾ ಕಾಗದದ ಮೇಲಾಗಲೀ "ನಾವಿಬ್ಬರೂ ಒಪ್ಪಿ ಬೇರೆಯಾಗಿದ್ದೇವೆ", "ಮುಂದೆ ಏನನ್ನೂ ಕೇಳುವುದಿಲ್ಲ" ಎಂಬ ಬರಹಕ್ಕೆ ವಕೀಲರಿಗೆ ತೋರಿಸದೆ ಸಹಿ ಅಥವಾ ಹೆಬ್ಬೆಟ್ಟು ಹಾಕದಿರುವುದು. ಬಿಡುಗಡೆ ಪತ್ರ, ಸೋಡಚೀಟಿ ಮುಂತಾದ ಬರಹಗಳು ಸಾಮಾನ್ಯವಾಗಿ ಕಾನೂನುಬದ್ಧ ವಿಚ್ಛೇದನವಾಗುವುದಿಲ್ಲ. ಆದರೆ ಮಹಿಳೆಯ ವಿರುದ್ಧ ಬಳಕೆಯಾಗಬಲ್ಲವು.

ಮಕ್ಕಳ ಪಾಲನೆ: ಮಕ್ಕಳ ಪಾಲನೆಯ ಪ್ರಶ್ನೆಯಲ್ಲಿ ನ್ಯಾಯಾಲಯವು ಮಗುವಿನ ಹಿತವನ್ನೇ ಪ್ರಧಾನವಾಗಿ ಪರಿಗಣಿಸುತ್ತದೆ. ಹಿಂದೂ ಅಪ್ರಾಪ್ತವಯಸ್ಕತೆ ಮತ್ತು ಪೋಷಕತ್ವ ಅಧಿನಿಯಮ, 1956ರ ಕಲಂ 6ರಂತೆ ಐದು ವರ್ಷ ತುಂಬದ ಮಗುವಿನ ಪಾಲನೆ ಸಾಮಾನ್ಯವಾಗಿ ತಾಯಿಗೆ ಸೇರಿದ್ದು. 2005ರ ಅಧಿನಿಯಮದ ಕಲಂ 21ರಡಿ ಮಕ್ಕಳ ತಾತ್ಕಾಲಿಕ ಪಾಲನೆಯನ್ನು ಕೋರಬಹುದು. ತಂದೆಯ ಭೇಟಿಯು ಮಗುವಿಗೆ ಹಾನಿಕರವೆಂದು ಕಂಡುಬಂದಲ್ಲಿ ಮ್ಯಾಜಿಸ್ಟ್ರೇಟರು ಅದನ್ನು ನಿರಾಕರಿಸಬಹುದು.

ಸ್ತ್ರೀಧನ ಮತ್ತು ಸಾಲ: ತವರಿನಿಂದ ತಂದ ಹಾಗೂ ಉಡುಗೊರೆಯಾಗಿ ಬಂದ ಒಡವೆ, ವಸ್ತುಗಳು ಪತ್ನಿಯ ಸ್ವಂತ ಆಸ್ತಿ. ಅವುಗಳನ್ನು ಗಿರವಿ ಇಡುವುದು, ಮಾರುವುದು, ಹಣ ಕಸಿದುಕೊಳ್ಳುವುದು ಇವು 2005ರ ಅಧಿನಿಯಮದ ಕಲಂ 3ರ ಪ್ರಕಾರ ಆರ್ಥಿಕ ದೌರ್ಜನ್ಯ. ಮೈಮೇಲೆ ಹೊಡೆತದ ಗುರುತು ಇಲ್ಲದಿದ್ದರೂ ಈ ಕಾರಣಕ್ಕಾಗಿಯೇ ಅರ್ಜಿ ಸಲ್ಲಿಸಬಹುದಾಗಿದೆ. ಪತಿಯು ತನ್ನ ಹೆಸರಿನಲ್ಲಿ ಮಾಡಿದ ವೈಯಕ್ತಿಕ ಸಾಲಕ್ಕೆ, ಪತ್ನಿಯು ಸಹಸಾಲಗಾರಳಾಗಿ ಅಥವಾ ಜಾಮೀನುದಾರಳಾಗಿ ಸಹಿ ಮಾಡಿರದಿದ್ದಲ್ಲಿ, ಆಕೆ ಪತ್ನಿಯೆಂಬ ಕಾರಣಕ್ಕೇ ಹೊಣೆಯಾಗುವುದಿಲ್ಲ.

7. ಹೊರಡುವ ಮುನ್ನ ಸಿದ್ಧತೆ

ಸಂಗಾತಿ ಬಿಟ್ಟುಹೋಗುತ್ತಾಳೆಂದು ತಿಳಿದಾಗ ಹಿಂಸೆ ಹೆಚ್ಚಾಗುವ ಸಂಭವವಿದೆ. ಆದ್ದರಿಂದ ದಿನಾಂಕ, ಸ್ಥಳಗಳನ್ನು ಮುಂಚಿತವಾಗಿ ಪ್ರಕಟಪಡಿಸಬಾರದು. ನಂಬಿಕೆಯ ಒಬ್ಬರಿಗೆ ಮಾತ್ರ ತಿಳಿಸಿ, ಈ ಕೆಳಕಂಡ ದಾಖಲೆಗಳನ್ನು ಅಥವಾ ಅವುಗಳ ಪ್ರತಿಗಳನ್ನು ಸುರಕ್ಷಿತ ಕಡೆ ಇರಿಸುವುದು.

- ತಮ್ಮ ಮತ್ತು ಮಕ್ಕಳ ಆಧಾರ್, ಮಕ್ಕಳ ಜನನ ಪ್ರಮಾಣಪತ್ರ, ಶಾಲಾ ದಾಖಲೆ, ಲಸಿಕೆ ಕಾರ್ಡು
- ಪಡಿತರ ಚೀಟಿ, ಬ್ಯಾಂಕ್ ಪಾಸ್‌ಪುಸ್ತಕ, ಜಾತಿ ಮತ್ತು ಆದಾಯ ಪ್ರಮಾಣಪತ್ರ
- ವಿವಾಹ ನೋಂದಣಿ ಪತ್ರ. ಇಲ್ಲದಿದ್ದಲ್ಲಿ ಲಗ್ನಪತ್ರಿಕೆ, ಮದುವೆಯ ಛಾಯಾಚಿತ್ರ
- ಒಡವೆಗಳ ರಸೀದಿ ಅಥವಾ ಛಾಯಾಚಿತ್ರ, ಗಿರವಿ ಚೀಟಿ, ಸಾಲದ ಕಾಗದಪತ್ರ
- ಗಾಯಗಳ ವೈದ್ಯಕೀಯ ದಾಖಲೆ, ಬೆದರಿಕೆಯ ಸಂದೇಶಗಳು, ಘಟನೆಗಳನ್ನು ಬರೆದ ಪುಸ್ತಕ
- ಪತಿಯ ಚಿಕಿತ್ಸೆಯ ಚೀಟಿಗಳ ಪ್ರತಿ ಮತ್ತು ಆತನ ಆದಾಯಕ್ಕೆ ಸಂಬಂಧಿಸಿದ ಯಾವುದೇ ದಾಖಲೆ

ಬ್ಯಾಂಕ್ ಖಾತೆಗೆ ಜೋಡಿಸಿದ ಮೊಬೈಲ್ ಸಂಖ್ಯೆಯು ಪತಿಯದಾಗಿದ್ದಲ್ಲಿ ಅದನ್ನು ಬದಲಾಯಿಸುವುದು, ಎ.ಟಿ.ಎಂ. ಹಾಗೂ ಮೊಬೈಲ್ ಪಾವತಿಯ ರಹಸ್ಯ ಸಂಖ್ಯೆಯನ್ನು ಬದಲಾಯಿಸುವುದು ಅಗತ್ಯ. ದಾಖಲೆಗಳು ಕೈಗೆ ಸಿಗದಿದ್ದಲ್ಲಿ ಜೀವ ಉಳಿಸಿಕೊಂಡು ಹೊರಡುವುದೇ ಮುಖ್ಯ. ದಾಖಲೆಗಳನ್ನು ನಂತರ ಪಡೆಯಬಹುದು. ಸ್ತ್ರೀಧನ ಮತ್ತು ಇತರ ಸ್ವತ್ತನ್ನು ಹಿಂದಿರುಗಿಸುವಂತೆ ಆದೇಶಿಸಲು ನ್ಯಾಯಾಲಯಕ್ಕೆ ಅಧಿಕಾರವಿದೆ.

8. ಅರ್ಜಿ ಸಲ್ಲಿಸುವ ವಿಧಾನ

(1) ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳ ಕಚೇರಿಗೆ ಹೋಗಿ ಸಂರಕ್ಷಣಾಧಿಕಾರಿಗಳನ್ನು ಭೇಟಿ ಮಾಡುವುದು. ವಿಳಾಸ ತಿಳಿಯದಿದ್ದಲ್ಲಿ ಸಮೀಪದ ಅಂಗನವಾಡಿ ಕಾರ್ಯಕರ್ತೆಯರನ್ನು ವಿಚಾರಿಸಬಹುದು.

(2) ಸಂರಕ್ಷಣಾಧಿಕಾರಿಗಳು ಕೌಟುಂಬಿಕ ಘಟನಾ ವರದಿಯನ್ನು ಸಿದ್ಧಪಡಿಸುವರು. ಪುನಃ ದೌರ್ಜನ್ಯ ನಡೆಯದಂತೆ ಸುರಕ್ಷತಾ ಯೋಜನೆಯನ್ನು ರೂಪಿಸುವುದೂ 2006ರ ನಿಯಮಗಳಡಿ ಅವರ ಕರ್ತವ್ಯ.

(3) ಕಲಂ 12ರಡಿಯ ಅರ್ಜಿಯನ್ನು ಮ್ಯಾಜಿಸ್ಟ್ರೇಟರ ನ್ಯಾಯಾಲಯಕ್ಕೆ ಸಲ್ಲಿಸಲಾಗುತ್ತದೆ. ನೊಂದ ಮಹಿಳೆಯು ತಾತ್ಕಾಲಿಕವಾಗಿ ವಾಸವಿರುವ ಊರಿನ ನ್ಯಾಯಾಲಯದಲ್ಲಿಯೂ ಅರ್ಜಿ ಸಲ್ಲಿಸಬಹುದಾಗಿದ್ದು, ಗಂಡನ ಊರಿಗೇ ಹೋಗಬೇಕಾಗಿಲ್ಲ.

(4) ಮೊದಲ ವಿಚಾರಣೆಯನ್ನು ಸಾಮಾನ್ಯವಾಗಿ 3 ದಿನಗಳೊಳಗೆ ನಿಗದಿಪಡಿಸಬೇಕೆಂದೂ, ಮೊದಲ ವಿಚಾರಣೆಯಿಂದ 60 ದಿನಗಳೊಳಗೆ ಇತ್ಯರ್ಥಪಡಿಸಲು ಪ್ರಯತ್ನಿಸಬೇಕೆಂದೂ ಅಧಿನಿಯಮ ತಿಳಿಸುತ್ತದೆ. ವಾಸ್ತವದಲ್ಲಿ ಇದಕ್ಕಿಂತ ಹೆಚ್ಚು ಕಾಲ ಹಿಡಿಯುವುದುಂಟು. ಆದ್ದರಿಂದ ತುರ್ತು ಇದ್ದಲ್ಲಿ ಕಲಂ 23ರಡಿ ಮಧ್ಯಂತರ ಆದೇಶವನ್ನು ಅರ್ಜಿಯೊಂದಿಗೇ ಕೋರುವುದು.

(5) ರಕ್ಷಣಾ ಆದೇಶವನ್ನು ಪತಿಯು ಉಲ್ಲಂಘಿಸಿದಲ್ಲಿ ಒಂದು ವರ್ಷದವರೆಗೆ ಕಾರಾಗೃಹ ವಾಸ ಅಥವಾ 20,000 ರೂ.ಗಳವರೆಗೆ ದಂಡ ಅಥವಾ ಎರಡನ್ನೂ ವಿಧಿಸಬಹುದು.

ಕಾನೂನು ಸೇವೆಗಳ ಪ್ರಾಧಿಕಾರಗಳ ಅಧಿನಿಯಮ, 1987ರ ಕಲಂ 12ರಂತೆ ಮಹಿಳೆಯರು ಆದಾಯದ ಮಿತಿಯಿಲ್ಲದೆ ಉಚಿತ ವಕೀಲರ ನೆರವಿಗೆ ಅರ್ಹರು. ತಾಲ್ಲೂಕು ನ್ಯಾಯಾಲಯದ ಆವರಣದಲ್ಲಿರುವ ಕಾನೂನು ಸೇವೆಗಳ ಸಮಿತಿಗೆ ಅರ್ಜಿ ಸಲ್ಲಿಸಿದರೆ ಸಾಕು.

ತಕ್ಷಣದ ಆಶ್ರಯಕ್ಕಾಗಿ ಜಿಲ್ಲೆಯ ಸಖಿ ಒನ್ ಸ್ಟಾಪ್ ಸೆಂಟರ್ ಅನ್ನು ಸಂಪರ್ಕಿಸಬಹುದು. ಅಲ್ಲಿ ಅಲ್ಪಾವಧಿಯ ವಸತಿ, ವೈದ್ಯಕೀಯ, ಪೊಲೀಸ್, ಕಾನೂನು ಹಾಗೂ ಆಪ್ತಸಮಾಲೋಚನೆಯ ನೆರವು ಒಂದೇ ಕಡೆ ದೊರೆಯುತ್ತದೆ. ದೀರ್ಘಾವಧಿಯ ವಸತಿಗೆ ಶಕ್ತಿ ಸದನಗಳಿವೆ. ಮಕ್ಕಳನ್ನು ಕರೆದೊಯ್ಯುವವರು, ವಿಶೇಷವಾಗಿ ಬೆಳೆದ ಗಂಡುಮಕ್ಕಳಿರುವವರು, ವಯೋಮಿತಿಯ ಬಗ್ಗೆ ಮುಂಚಿತವಾಗಿ ವಿಚಾರಿಸಿಕೊಳ್ಳುವುದು.

9. ಬೇರೆ ಇದ್ದುಕೊಂಡೂ ಪತಿಯ ಚಿಕಿತ್ಸೆಗೆ ನೆರವಾಗಬಹುದು

ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ವ್ಯಸನ ಚಿಕಿತ್ಸಾ ಕೇಂದ್ರ, ಧಾರವಾಡದ ಡಿಮ್ಹಾನ್ಸ್ ಹಾಗೂ ಜಿಲ್ಲಾ ಆಸ್ಪತ್ರೆಗಳ ಮನೋರೋಗ ವಿಭಾಗಗಳಲ್ಲಿ ಚಿಕಿತ್ಸೆ ಲಭ್ಯವಿದೆ. ಆಸ್ಪತ್ರೆಯ ವಿವರ ನೀಡುವುದು, ಮಾವನವರು ಅಥವಾ ಮೈದುನರ ಮೂಲಕ ಕರೆದೊಯ್ಯಿಸುವುದು, ವೈದ್ಯರಿಗೆ ಪೂರ್ವ ಇತಿಹಾಸ ತಿಳಿಸುವುದು ಇವೆಲ್ಲವನ್ನೂ ಬೇರೆ ಮನೆಯಲ್ಲಿದ್ದುಕೊಂಡೇ ಮಾಡಬಹುದು.

ಪೊಲೀಸರ ಭಯದಿಂದ ಚಿಕಿತ್ಸೆಗೆ ಹಿಂಜರಿಯುವವರಿಗೆ ಒಂದು ಮಾಹಿತಿ: 1985ರ ಅಧಿನಿಯಮದ ಕಲಂ 64-ಎ ಪ್ರಕಾರ, ಸೇವನೆಯ ಅಥವಾ ಅಲ್ಪ ಪ್ರಮಾಣದ ಅಪರಾಧದ ಆರೋಪವಿರುವ ವ್ಯಸನಿಯು ಸ್ವಇಚ್ಛೆಯಿಂದ ಸರ್ಕಾರಿ ಅಥವಾ ಮಾನ್ಯತೆ ಪಡೆದ ಸಂಸ್ಥೆಯಲ್ಲಿ ಚಿಕಿತ್ಸೆ ಪಡೆದಲ್ಲಿ ಸದರಿ ಅಪರಾಧಕ್ಕಾಗಿ ವಿಚಾರಣೆಗೆ ಗುರಿಯಾಗುವುದಿಲ್ಲ. ಚಿಕಿತ್ಸೆಯನ್ನು ಪೂರ್ಣಗೊಳಿಸದಿದ್ದಲ್ಲಿ ಈ ರಕ್ಷಣೆಯನ್ನು ಹಿಂಪಡೆಯಬಹುದು. ಮಾರಾಟಗಾರರಿಗೆ ಈ ರಕ್ಷಣೆ ಇಲ್ಲ.

ವ್ಯಸನಿಯನ್ನು ಮನೆಯಲ್ಲಿ ಕೂಡಿಹಾಕಿ ವಸ್ತುವನ್ನು ಒಮ್ಮೆಗೇ ನಿಲ್ಲಿಸುವುದು ಅಪಾಯಕರ. ಮದ್ಯ ಅಥವಾ ನಿದ್ರೆ ಮಾತ್ರೆಗಳನ್ನು ಹಠಾತ್ತನೆ ನಿಲ್ಲಿಸಿದಾಗ ಫಿಟ್ಸ್ ಬಂದು ಜೀವಕ್ಕೆ ತೊಂದರೆಯಾಗಬಹುದು. ವ್ಯಸನಿಗೆ ತಿಳಿಯದಂತೆ ಊಟದಲ್ಲಿ ಬೆರೆಸುವ ಜಾಹೀರಾತಿನ ಪುಡಿಗಳನ್ನು ಬಳಸಬಾರದು. ಖಾಸಗಿ ಕೇಂದ್ರಕ್ಕೆ ಸೇರಿಸುವ ಮುನ್ನ ಅದು ರಾಜ್ಯ ಮಾನಸಿಕ ಆರೋಗ್ಯ ಪ್ರಾಧಿಕಾರದಲ್ಲಿ ನೋಂದಣಿಯಾಗಿದೆಯೇ ಎಂದು ಕೇಳುವುದು. ರೋಗಿಯನ್ನು ಸರಪಳಿಯಿಂದ ಕಟ್ಟುವುದನ್ನು 2017ರ ಅಧಿನಿಯಮ ನಿಷೇಧಿಸಿದೆ.

ಅಫೀಮು ವರ್ಗದ ವಸ್ತುಗಳನ್ನು ಕೆಲಕಾಲ ಬಿಟ್ಟವರು ಹಳೆಯ ಪ್ರಮಾಣದಲ್ಲಿಯೇ ಪುನಃ ಸೇವಿಸಿದಲ್ಲಿ ಪ್ರಾಣಾಪಾಯವಾಗಬಹುದು. ಉಸಿರು ನಿಧಾನವಾಗುವುದು, ತುಟಿ ನೀಲಿಗಟ್ಟುವುದು, ಎಬ್ಬಿಸಿದರೂ ಏಳದಿರುವುದು ಕಂಡುಬಂದಲ್ಲಿ, ಮಗ್ಗುಲಾಗಿ ಮಲಗಿಸಿ ಕೂಡಲೇ 108ಕ್ಕೆ ಕರೆ ಮಾಡುವುದು.

10. ಪದೇ ಪದೇ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ನಾನು ಹೋದರೆ ಪ್ರಾಣ ಕಳೆದುಕೊಳ್ಳುತ್ತೇನೆ ಎಂದು ಪತಿ ಹೇಳುತ್ತಾರೆ. ಏನು ಮಾಡಬೇಕು?
ಉತ್ತರ: ಈ ಮಾತನ್ನು ಹಗುರವಾಗಿ ಪರಿಗಣಿಸಬಾರದು. ಅವರ ತಂದೆ ತಾಯಿ ಅಥವಾ ಸಹೋದರರಿಗೆ ತಿಳಿಸಿ, ಒಬ್ಬರು ಜೊತೆಯಲ್ಲಿರುವಂತೆ ನೋಡಿಕೊಳ್ಳುವುದು. ಟೆಲಿ-ಮಾನಸ್ 14416ಕ್ಕೆ, ತುರ್ತು ಇದ್ದಲ್ಲಿ 112ಕ್ಕೆ ಕರೆ ಮಾಡುವುದು. ಅವರಿಗೆ ಬೇಕಾಗಿರುವುದು ವೈದ್ಯಕೀಯ ನೆರವು. ತಾವು ಅಪಾಯದಲ್ಲಿ ಉಳಿದುಕೊಳ್ಳುವುದು ಆ ನೆರವಿಗೆ ಬದಲಿಯಲ್ಲ.

ಪ್ರಶ್ನೆ: ಪತಿ ಚಿಕಿತ್ಸೆಗೆ ಒಪ್ಪುವುದಿಲ್ಲ. ಬಲವಂತವಾಗಿ ಸೇರಿಸಬಹುದೇ?
ಉತ್ತರ: ಕುಟುಂಬದವರ ಇಚ್ಛೆಯೊಂದೇ ಸಾಲದು. ತನಗೆ ಅಥವಾ ಇತರರಿಗೆ ಹಾನಿ ಮಾಡುವ ಸ್ಥಿತಿಯಲ್ಲಿದ್ದಲ್ಲಿ, 2017ರ ಅಧಿನಿಯಮದ ಕಲಂ 89ರಡಿ, ನಾಮನಿರ್ದೇಶಿತ ಪ್ರತಿನಿಧಿಯ ಅರ್ಜಿಯ ಮೇರೆಗೆ, ಇಬ್ಬರು ತಜ್ಞರ ಪ್ರತ್ಯೇಕ ಪರೀಕ್ಷೆಯ ನಂತರ ಗರಿಷ್ಠ 30 ದಿನಗಳವರೆಗೆ ದಾಖಲಿಸಲು ಅವಕಾಶವಿದೆ.

ಪ್ರಶ್ನೆ: ದೂರು ನೀಡಿದ ನಂತರ ಪತಿ ಗುಣಮುಖರಾದರೆ ಮತ್ತೆ ಒಟ್ಟಿಗೆ ಬಾಳಬಹುದೇ?
ಉತ್ತರ: ಬಾಳಬಹುದು. 2005ರ ಅಧಿನಿಯಮದ ಪರಿಹಾರಗಳು ಮುಖ್ಯವಾಗಿ ಸಿವಿಲ್ ಸ್ವರೂಪದವು. ನೊಂದ ಮಹಿಳೆ ಕೋರಿದಲ್ಲಿ ರಕ್ಷಣಾ ಆದೇಶವನ್ನು ತೆರವುಗೊಳಿಸಬಹುದು. ಆದರೆ ಭಾರತೀಯ ನ್ಯಾಯ ಸಂಹಿತೆ, 2023ರ ಕಲಂ 85ರಡಿ ಕ್ರೌರ್ಯದ ಕ್ರಿಮಿನಲ್ ಪ್ರಕರಣ ದಾಖಲಾದಲ್ಲಿ ಅದನ್ನು ಹಿಂಪಡೆಯುವುದು ಅಷ್ಟು ಸುಲಭವಲ್ಲ. ಯಾವ ಮಾರ್ಗವೆಂಬುದನ್ನು ವಕೀಲರೊಂದಿಗೆ ಚರ್ಚಿಸಿ ನಿರ್ಧರಿಸುವುದು.

ಪ್ರಶ್ನೆ: ಒಮ್ಮೆ ಹೊರಟು ಮತ್ತೆ ಮರಳಿದ್ದೇನೆ. ಪುನಃ ಅರ್ಜಿ ಸಲ್ಲಿಸಬಹುದೇ?
ಉತ್ತರ: ಸಲ್ಲಿಸಬಹುದು. ಹಿಂದೆ ಮರಳಿದ ಕಾರಣಕ್ಕೆ ನೆರವನ್ನು ನಿರಾಕರಿಸುವಂತಿಲ್ಲ. ಪ್ರತಿ ಬಾರಿಯೂ ಸಂಪೂರ್ಣ ವಿವರ ನೀಡುವುದು.

ಪ್ರಶ್ನೆ: ಪತ್ನಿಯೇ ವ್ಯಸನಿಯಾಗಿದ್ದಲ್ಲಿ ಪತಿಗೆ ಯಾವ ಅವಕಾಶವಿದೆ?
ಉತ್ತರ: 2005ರ ಅಧಿನಿಯಮ ಮಹಿಳೆಯರಿಗೆ ಮಾತ್ರ ಅನ್ವಯಿಸುತ್ತದೆ. ಆದರೆ ವಿವಾಹ ಕಾನೂನಿನಡಿಯ ಬೇರ್ಪಡೆ, ವಿಚ್ಛೇದನ, ಮಕ್ಕಳ ಪಾಲನೆಯ ಅರ್ಜಿಗಳನ್ನು ಪತಿಯೂ ಸಲ್ಲಿಸಬಹುದು. ಚಿಕಿತ್ಸೆ ಹಾಗೂ ವ್ಯಸನಮುಕ್ತಿ ಸಹಾಯವಾಣಿಗಳು ಎಲ್ಲರಿಗೂ ಮುಕ್ತವಾಗಿವೆ.

11. ಸಹಾಯವಾಣಿಗಳು

ತುರ್ತು ಸ್ಪಂದನೆ ಮತ್ತು ಪೊಲೀಸ್: 112
ಮಹಿಳಾ ಸಹಾಯವಾಣಿ: 181
ಮಕ್ಕಳ ಸಹಾಯವಾಣಿ: 1098
ಆಂಬುಲೆನ್ಸ್: 108
ರಾಷ್ಟ್ರೀಯ ವ್ಯಸನಮುಕ್ತಿ ಸಹಾಯವಾಣಿ: 14446
ಟೆಲಿ-ಮಾನಸ್ ಮಾನಸಿಕ ಆರೋಗ್ಯ ಸಹಾಯವಾಣಿ: 14416
ಉಚಿತ ಕಾನೂನು ನೆರವು: 15100

ಸಹಾಯವಾಣಿಗೆ ಕರೆ ಮಾಡಿದ ಮಾತ್ರಕ್ಕೆ ಪತಿಯನ್ನು ಬಿಡಲು ತೀರ್ಮಾನಿಸಿದಂತೆ ಆಗುವುದಿಲ್ಲ. ಮಾಹಿತಿ ಪಡೆದು ಯೋಚಿಸಲು, ಬೇಡವೆನಿಸಿದರೆ ಸುಮ್ಮನಿರಲು, ಮುಂದೊಂದು ದಿನ ಪುನಃ ಕರೆ ಮಾಡಲು ಪ್ರತಿಯೊಬ್ಬರಿಗೂ ಹಕ್ಕಿದೆ. ಈ ಪುಟದಲ್ಲಿನ ವಿವರಗಳು ಸಾಮಾನ್ಯ ತಿಳಿವಳಿಕೆಗಾಗಿ ಇದ್ದು, ತಮ್ಮ ಪ್ರಕರಣಕ್ಕೆ ಅನ್ವಯಿಸುವ ಸಲಹೆಗಾಗಿ ತಾಲ್ಲೂಕು ಸಂರಕ್ಷಣಾಧಿಕಾರಿಗಳನ್ನು ಅಥವಾ ಕಾನೂನು ಸೇವೆಗಳ ಸಮಿತಿಯನ್ನು ಕಚೇರಿ ವೇಳೆಯಲ್ಲಿ ಸಂಪರ್ಕಿಸಲು ಕೋರಲಾಗಿದೆ.